ಡೇರೆ ಹೂವೂ ಜನ್ನಾಪುರದ ಷಡ್ಡಕನೂ

ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ನನ್ನದೊಂದು ಕನ್ನಡಕದ ಅಂಗಡಿ ಇದೆ. ಊರಿನ ಅರ್ಧ ಜನ ಲೋಕ ನೋಡುವುದೇ ನನ್ನ ಕೃಪೆಯಿಂದ. ಇಂಥವನಿಗೆ ಒಂದು ಹೂವಿನ ಗಿಡ ಬೆಳೆಸುವುದು ಯಾವ ಮಹಾ ಕೆಲಸ ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ.

ಇದಕ್ಕೆಲ್ಲ ಕಾರಣ ನನ್ನ ಷಡ್ಡಕ ಬಸವರಾಜ, ಅಂದರೆ ನನ್ನ ಹೆಂಡತಿ ಗಿರಿಜಾಳ ಅಕ್ಕನ ಗಂಡ. ಭದ್ರಾವತಿಯ ಜನ್ನಾಪುರದಲ್ಲಿ ಅವನ ಮನೆ. ಒಂದು ಗೌರಿ ಹಬ್ಬಕ್ಕೆ ಅಲ್ಲಿಗೆ ಹೋದಾಗ, ಅಂಗಳದಲ್ಲಿ ಊಟದ ತಟ್ಟೆಯಷ್ಟು ಅಗಲದ ಡೇರೆ ಹೂ, ಅಂದರೆ ಡೇಲಿಯಾ, ಅರಳಿ ನಿಂತಿತ್ತು.

"ನೋಡ್ರೀ, ಭಾವ ಹೆಂಗೆ ಬೆಳೆಸಿದಾರೆ! ನಿಮ್ಮ ಕೈಗೆ ಕೊಟ್ಟಿದ್ದ ತುಳಸಿ ಗಿಡನೂ ಒಣಗಿಹೋಯ್ತು" ಎಂದಳು ಗಿರಿಜಾ. ಎಲ್ಲರ ಎದುರಿಗೇ!

ನಾನು ಎದ್ದು ನಿಂತು ಘೋಷಿಸಿದೆ: "ಮುಂದಿನ ಗೌರಿಗೆ ಎಲ್ರೂ ನಮ್ಮನೆಗೆ ಬನ್ನಿ. ಇದರ ಅಪ್ಪನಂಥ ಹೂ ತೋರಿಸ್ತೀನಿ!"

ಮಳೆಗಾಲ ಹಿಡಿಯುವ ಮುಂಚೆ ಭದ್ರಾವತಿ ಹೊರಗಿನ ಒಂದು ಹೂವಿನ ತೋಟಕ್ಕೆ ಹೋದೆ. ತೋಟದ ಯಜಮಾನಿ ಡೇರೆ ಗೆಡ್ಡೆಗಳ ರಾಶಿಯನ್ನೇ ನನ್ನ ಮುಂದಿಟ್ಟರು.

"ದಪ್ಪ ನೋಡಿ ತಗೋಬೇಡಿ ಸಾರ್. ಗೆಡ್ಡೆ ಕುತ್ತಿಗೇಲಿ ಕಣ್ಣಿರಬೇಕು. ಮೊಳಕೆ ಬರೋದು ಅಲ್ಲಿಂದ್ಲೇ."

"ಕಣ್ಣಿನ ವಿಷ್ಯ ನನಗೆ ಹೇಳ್ತೀರಾ ಅಮ್ಮಾ? ನನ್ನ ಕಸುಬೇ ಅದು!" ಎಂದು ನಕ್ಕು, ರಾಶಿಯಲ್ಲಿದ್ದ ಅತಿ ದಪ್ಪನೆಯ ಗೆಡ್ಡೆಗಳನ್ನೇ ಆರಿಸಿಕೊಂಡೆ. ಅವುಗಳಲ್ಲಿ ಒಂದಕ್ಕೂ ಕಣ್ಣಿರಲಿಲ್ಲ.

"ಮೊಳಕೆ ಬರೋ ತನಕ ನೀರು ಕಮ್ಮಿ ಹಾಕಿ, ಕೊಳೆತುಹೋಗ್ತವೆ" ಎಂದು ಹಿಂದಿನಿಂದ ಕೂಗಿದರು. ನಾನಾಗಲೇ ಬಸ್ಸು ಹತ್ತುತ್ತಿದ್ದೆ.

ರಾಗಿಗುಡ್ಡದ ಹತ್ತಿರದ ನಮ್ಮ ಮನೆಯ ಹಿತ್ತಲಲ್ಲಿ ಶಾಸ್ತ್ರೋಕ್ತವಾಗಿ ಗುಂಡಿ ತೋಡಿ ಗೆಡ್ಡೆ ನೆಟ್ಟೆ. ಬೆಳಿಗ್ಗೆ ಒಂದು ಬಕೆಟ್ ನೀರು, ಸಂಜೆ ಇನ್ನೊಂದು. ಆಮೇಲೆ ಮಳೆಯೂ ಶುರುವಾಯಿತು, ಆದರೂ ನಾನು ನನ್ನ ಕರ್ತವ್ಯ ಬಿಡಲಿಲ್ಲ. ಇಷ್ಟಾದರೂ ಮೊಳಕೆಯ ಸುಳಿವಿಲ್ಲ. ತಾಳ್ಮೆ ತಪ್ಪಿ ಗೆಡ್ಡೆಗಳನ್ನು ಕಿತ್ತು ನೋಡಿ, ಮತ್ತೆ ಹೂಳತೊಡಗಿದೆ.

"ರೀ, ಹೆರಿಗೆ ವಾರ್ಡಿನ ನರ್ಸ್ ಕೂಡ ಇಷ್ಟು ಸಲ ನೋಡಲ್ಲ. ಬಿಡ್ರೀ ಅದನ್ನ!"

"ಸ್ವಲ್ಪ ಗಾಳಿಯಾಡ್ಲಿ ಅಂತ, ಮಾರಾಯ್ತಿ."

ಗೆಡ್ಡೆಗೆ ಗಾಳಿಯಾಡಿತೋ ಇಲ್ಲವೋ, ಹಿತ್ತಲ ತುಂಬ ಕೊಳೆತ ನಾತ ಹರಡಿತು. ಪಕ್ಕದ ಮನೆಯವರು ಬಂದು "ನಿಮ್ಮ ಹಿತ್ತಲಲ್ಲಿ ಇಲಿ ಸತ್ತಿದೆಯಾ?" ಎಂದು ವಿಚಾರಿಸಿಕೊಂಡು ಹೋದರು.

ಆದರೆ ದೇವರು ದೊಡ್ಡವನು! ಒಂದು ಬೆಳಿಗ್ಗೆ ಒಂದೇ ಒಂದು ಕಡೆ ಹಸಿರು ಎಲೆ ಇಣುಕಿತ್ತು. ನಾನು ಕುಣಿದಾಡಿಬಿಟ್ಟೆ. ಕೋಲು ನೆಟ್ಟು ಆಸರೆ ಕೊಟ್ಟೆ. ಜೋರು ಮಳೆ ಬಂದರೆ ಗಿಡಕ್ಕೆ ಕೊಡೆ ಹಿಡಿದು ನಾನು ನೆನೆದೆ. ಗಿರಿಜಾ ಬಂದು ಗಿಡ ನೋಡಿದಳು, ನನ್ನನ್ನೂ ನೋಡಿದಳು.

"ಚೆನ್ನಾಗಿ ಬರ್ತಿದೆ ರೀ. ನೋಡ್ಕೊಳ್ಳಿ" ಎಂದು ಒಳಗೆ ಹೋದಳು. ಮದುವೆಯಾದ ಮೇಲೆ ನನ್ನ ಕೆಲಸವನ್ನು ಅವಳು ಹೊಗಳಿದ್ದು ಅದೇ ಮೊದಲು!

ಷಡ್ಡಕನ ಫೋನ್ ಬಂತು. "ಹೂ ಬಿಡ್ತಾ ಮಾರಾಯ?"

"ಮೊಗ್ಗಾಗಿದೆ! ನೇರಳೆ ಬಣ್ಣ!"

ಮೊಗ್ಗೇನೋ ಅರಳಿತು, ಅದರ ಹಿಂದೆ ಇನ್ನೂ ಕೆಲವು. ಆದರೆ ಬೆರಳ ತುದಿಯಷ್ಟು ಅಗಲವಾಗಿ, ತಲೆ ತಗ್ಗಿಸಿಕೊಂಡು. ದೊಡ್ಡದಾದೀತೆಂದು ವಾರಗಟ್ಟಲೆ ಕಾದೆ, ಆಗಲಿಲ್ಲ. ನಾಳೆಯೇ ಗೌರಿ ಹಬ್ಬ! ನನ್ನ ಮಾನ ಉಳಿಯುವುದು ಹೇಗೆ? ಹೂವಿನ ಮಾರುಕಟ್ಟೆಗೆ ಓಡಿದೆ. ನೇರಳೆ ಸಿಗಲಿಲ್ಲ; ಇದ್ದುದರಲ್ಲಿ ದೊಡ್ಡದಾದ ಕೆಂಪು ಡೇರೆ ಹೂ ತಂದು, ಹಬ್ಬದ ಬೆಳಿಗ್ಗೆ ಯಾರೂ ಏಳುವ ಮೊದಲೇ ಗಿಡದ ತುದಿಗೆ ದಾರದಲ್ಲಿ ಬಿಗಿಯಾಗಿ ಕಟ್ಟಿದೆ. ದೂರ ನಿಂತು ನೋಡಿದೆ. ಸೃಷ್ಟಿಕರ್ತನಿಗೂ ಗೊತ್ತಾಗದು!

ಬಾಗಿನ ಕೊಡಲು ನನ್ನ ಅತ್ತೆ ಬಂದರು. ಜೊತೆಗೆ ಷಡ್ಡಕ, ಅವನ ಹೆಂಡತಿ. ಕಾಫಿಗೂ ಕಾಯದೆ ಎಲ್ಲರನ್ನೂ ಹಿತ್ತಲಿಗೆ ಕರೆದೊಯ್ದೆ. ಷಡ್ಡಕನ ಮುಖ ನೋಡಬೇಕಿತ್ತು! ಬಾಯಿ ತೆರೆದದ್ದು ತೆರೆದೇ ಇತ್ತು. ನಾನು ಗೊಬ್ಬರ, ನೀರು, ಗಾಳಿಗಳ ಕುರಿತು ಉಪನ್ಯಾಸ ಆರಂಭಿಸಿದೆ.

"ಎಂಥ ಹೂ ಅಳಿಯಂದ್ರೇ! ಗೌರಮ್ಮನಿಗೆ ಇದೇ ಏರಿಸೋಣ" ಎಂದು ಅತ್ತೆ ಕೈ ಹಾಕಿದರು.

"ಬೇಡ ಅತ್ತೆ, ಗಿಡದಲ್ಲೇ ಇರ್ಲಿ..." ಎನ್ನುವಷ್ಟರಲ್ಲಿ ಹೂ ಅವರ ಕೈಯಲ್ಲಿತ್ತು. ಅದರ ಹಿಂದೆ ಉದ್ದನೆಯ ದಾರವೂ ಬಂತು.

ಅತ್ತೆ ಕನ್ನಡಕ ಸರಿಮಾಡಿಕೊಂಡರು. ನಾನೇ ಕೊಟ್ಟ ಕನ್ನಡಕ! "ಗಿರಿಜಾ, ಗಿಡಕ್ಕೂ ಗೌರಿ ದಾರ ಕಟ್ಟಿದೀರೇನೇ?"

ಷಡ್ಡಕ ಬಾಯಿ ಮುಚ್ಚಿಕೊಂಡು, ಬಗ್ಗಿ ಎಲೆ ತಿರುವಿ ನೋಡಿದ. "ಹೂ ಕಟ್ಟಿದ್ದು ಹೋಗ್ಲಿ ಮಾರಾಯ. ಬದನೆ ಗಿಡಕ್ಕೆ ಯಾಕೆ ಕಟ್ಟಿದೆ?"

ಬದನೆ ಗಿಡ! ಎಲೆಯ ಹಿಂದೆ ಎರಡು ಎಳೆ ಕಾಯಿ ಕೂಡ ತೂಗುತ್ತಿದ್ದವು. ನಾನು ಗಿರಿಜಾಳತ್ತ ತಿರುಗಿದೆ.

"ನಿನಗೆ ಮೊದಲೇ ಗೊತ್ತಿತ್ತಾ?"

"ಎಲೆ ಬಂದಾಗ್ಲೇ ಗೊತ್ತಿತ್ತು ರೀ. ಅಡುಗೆಮನೆ ಕಸ ಅಲ್ಲೇ ಹಾಕ್ತಿದ್ನಲ್ಲ, ಬೀಜ ಬಿದ್ದು ಹುಟ್ಟಿದೆ. ಹೇಳಿದ್ರೆ ಕಿತ್ತು ನೋಡ್ತಿದ್ರಿ. ಅದಕ್ಕೇ ಸುಮ್ನಿದ್ದೆ."

ಷಡ್ಡಕ ಹಿತ್ತಲ ಕಲ್ಲಿನ ಮೇಲೆ ಕುಸಿದು ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಅತ್ತೆ ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡು, ಹೂವನ್ನು ಒಳಗೆ ಒಯ್ದು ದೇವರ ಮುಂದಿಟ್ಟರು.

ಮುಂದಿನ ವಾರ ಗಿರಿಜಾ ಆ ಬದನೆಯ ಎಣ್ಣೆಗಾಯಿ ಮಾಡಿದಳು. ಬಹಳ ರುಚಿಯಾಗಿತ್ತು. ತಲೆ ತಗ್ಗಿಸಿ, ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.