ಹಿರೇಜಾಲಿಹಾಳದ ಐದು ನಿಮಿಷದ ಮಹಾಸಮರ

ಹೇ ವಾಗ್ದೇವಿ, ಸಕಲವಿದ್ಯಾಸ್ವರೂಪಿಣಿ, ಮೈಕು ಕೀರೆಂದು ಕಿರುಚಿದಾಗಲೂ ಬೆಚ್ಚದ ಮಹಾತಾಯಿ, ಇತ್ತ ಕಿವಿಗೊಡು! ತೃತೀಯತರಗತಿಭೂಷಣೆಯೂ, ರಕ್ತವರ್ಣರಿಬ್ಬನ್‌ಧಾರಿಣಿಯೂ, ಅಗ್ರದಂತದ್ವಯವಿಹೀನೆಯೂ ಆದ ಶಿವಲೀಲೆಯು ಹಿರೇಜಾಲಿಹಾಳದ ಪ್ರಾಥಮಿಕ ಶಾಲೆಯ ರಣಾಂಗಣದಲ್ಲಿ ಹೂಡಿದ ಘನಘೋರ ಭಾಷಣಸಂಗ್ರಾಮದ ಕಥೆಯಿದು. ನಡುವೆ ಎಲ್ಲಾದರೂ ತಪ್ಪಿದರೆ ಹಿಂದಿನಿಂದ ಮೆಲ್ಲಗೆ ಹೇಳಿಕೊಡು.

ವಿಷಯ ಶಿಸ್ತು, ಅವಧಿ ಐದು ನಿಮಿಷ, ಬಹುಮಾನ ಒಂದು ಸ್ಟೀಲ್ ಡಬ್ಬಿ. ಆದರೆ ಡಬ್ಬಿ ಯಾರಿಗೆ ಬೇಕಿತ್ತು ಬಿಡಿ! ಶಿವಲೀಲೆಗೆ ಬೇಕಾದದ್ದು ಅವ್ವನ ಕಿವಿ. ಅವ್ವ ಫಕೀರವ್ವ ಅದೇ ಶಾಲೆಯ ಬಿಸಿಯೂಟದ ಅಡುಗೆಯವಳು. ಮಗಳು ಹಾಡಲಿ, ಕುಣಿಯಲಿ, ಅವಳು ಮಾತ್ರ ಒಲೆಯ ಮುಂದೆಯೇ. ಭಾಷಣವನ್ನು ಬರೆದುಕೊಟ್ಟವರು ತರಗತಿಯ ಟೀಚರು ಅಕ್ಕೋರು. ಕಟ್ಟಕಡೆಯ ನಾಲ್ಕು ಮಾತು ಮಾತ್ರ ಶಿವಲೀಲೆಯ ಸ್ವಂತದ್ದು, ಅದೂ ಅವ್ವನ ಮೇಲೆಯೇ.

"ಯವ್ವಾ, ಕಡೀತನಕ ಕೇಳ್ಬೇಕ ನೋಡು."

"ಊಟದ ಗಂಟಿ ಹೊಡಿಯೋತನಕ ಕಿಟಕ್ಯಾಗ ನಿಂತಿರ್ತೀನಿ. ಆತಿಲ್ಲ?"

ಆಗ ಎದುರಾದನು ನೋಡಿ ಪಕ್ಕದೂರಿನ ಚನ್ನವೀರ! ಹಿಂದಿನ ವರ್ಷದ ಡಬ್ಬಿವಿಜೇತನೂ, ತೈಲಸಿಕ್ತಕೇಶನೂ, ಅಪ್ಪನ ವಾಚನ್ನು ಮೊಣಕೈವರೆಗೆ ಏರಿಸಿಕೊಂಡವನೂ ಆದ ಆ ದುರ್ಧರ್ಷ ವೀರನು ಎದೆಯುಬ್ಬಿಸಿ ಗರ್ಜಿಸಿದನು: "ಹೋದ ವರ್ಷ ಮೂರ ಸಾಲಿ ಹುಡುಗರಿಗೆ ಮಣ್ಣ ಮುಕ್ಕಸೀನಿ. ನೀ ಯಾವ ಗಿಡದ ತಪ್ಪಲಲೇ?"

"ಎರಡೂವರಿ ನಿಮಿಷಕ್ಕ ಉಸ್ರು ಕಟ್ಟಾವ ನೀನು! ನಾ ಐದೂ ನಿಮಿಷದಾಕಿ ಅದೀನಿ, ತಿಳ್ಕೊ!" ಎಂದು ಶಿವಲೀಲೆಯು ಹಲ್ಲಿನ ಸಂದಿಯಿಂದ ಸಿಂಹನಾದಗೈದಳು.

ಸಮರನಿಯಮಗಳು ಎರಡು. ಭಾಷಣ ಮುಗಿಸದೆ ವೇದಿಕೆ ಇಳಿದವರು ಸ್ಪರ್ಧೆಯಿಂದ ಹೊರಗೆ. ನಾಲ್ಕನೆಯ ನಿಮಿಷಕ್ಕೆ ಒಂದು ಎಚ್ಚರಿಕೆಯ ಗಂಟೆ. ಮೇಜಿನ ಮೇಲಿಡುವ ಪುಟ್ಟ ಗಂಟೆ ಎಲ್ಲಿ ಹುಡುಕಿದರೂ ಸಿಗಲಿಲ್ಲ. ಆಗ ಮುಖ್ಯೋಪಾಧ್ಯಾಯ ಕೊಟ್ರಬಸಪ್ಪನವರು ಬೇವಿನ ಮರಕ್ಕೆ ನೇತುಹಾಕಿದ್ದ ಶಾಲೆಯ ರೈಲುಹಳಿಯ ತುಂಡಿನ ಬಳಿಗೇ ಹೋಗಿ, ಕಬ್ಬಿಣದ ಸರಳು ಹಿಡಿದು ನಿಂತರು. ಮಧ್ಯಾಹ್ನದಲ್ಲಿ ಆ ಹಳಿ ಬಾರಿಸಿದರೆ ಆ ಶಾಲೆಯಲ್ಲಿ ಅರ್ಥ ಒಂದೇ ಎಂಬುದು ಪುಣ್ಯಾತ್ಮರಿಗೆ ಹೊಳೆಯಲೇ ಇಲ್ಲ. ಹೊಳೆಯುವ ಪ್ರಸಂಗವೂ ಬರಲಿಲ್ಲ; ಏಕೆಂದರೆ ಚನ್ನವೀರನೂ ಸೇರಿ ಏಳು ಮಹಾರಥಿಗಳು ಮೂರು ನಿಮಿಷದೊಳಗೇ ಮುಗಿಸಿಯೋ ಮರೆತೋ ಅತ್ತೋ ಕೆಳಗಿಳಿದಿದ್ದರು.

ಎಂಟನೆಯವಳಾಗಿ ಏರಿದಳು ಶಿವಲೀಲೆ. ಅಡುಗೆಮನೆಯ ಕಿಟಕಿಯಲ್ಲಿ ಅವ್ವನ ಮುಖವಿತ್ತು, ಸಾರಿನ ಘಮವು ಅಂಗಳದ ತುಂಬ ಹರಡಿತ್ತು. ಒಂದು ನಿಮಿಷ ಕಳೆಯಿತು, ಎರಡಾಯಿತು, ಮೂರಾಯಿತು; ಶಿಸ್ತಿನ ಸೂರ್ಯ, ಶಿಸ್ತಿನ ಇರುವೆ, ಶಿಸ್ತಿನ ಸೈನಿಕ, ಎಲ್ಲರೂ ಅವಳ ಬಾಯಿಂದ ಸಾಲುಸಾಲಾಗಿ ಹೊರಟರು. ಚನ್ನವೀರನ ಮುಖ ಸಪ್ಪಗಾಯಿತು. ಇನ್ನು ಉಳಿದದ್ದು ಅವ್ವನ ಮಾತು ಮಾತ್ರ!

ಠಣ್!

ಅಯ್ಯೋ, ಏನೆಂದು ಹೇಳುವುದು! ಇನ್ನೂರ ಹನ್ನೊಂದು ಮಕ್ಕಳ ಆ ಅಕ್ಷೌಹಿಣಿಯು ಒಂದೇ ಏಟಿಗೆ ಎದ್ದು, ತಾಟು ಹಿಡಿದು, ಅಡುಗೆಮನೆಯ ಬಾಗಿಲಿಗೆ ಸಾಲುಗಟ್ಟಿ ಪಾಳಿ ಹಚ್ಚಿತು. ಶಿಸ್ತೆಂದರೆ ಶಿಸ್ತು! "ಏ, ಕುಂಡ್ರಿರಲೇ! ಊಟದ ಗಂಟಿ ಅಲ್ಲದು!" ಎಂದು ಕೊಟ್ರಬಸಪ್ಪನವರು ಗಂಟಲು ಹರಿದುಕೊಂಡರೂ ಕೇಳುವವರಿಲ್ಲ. ಕಿಟಕಿಯಲ್ಲಿದ್ದ ಅವ್ವನ ಮುಖವೂ ಮಾಯವಾಯಿತು, ಬಡಿಸಬೇಕಲ್ಲ.

"ನೀ ಹೇಳವ್ವಾ, ಮಾರ್ಕ್ಸ್ ಹಾಕಾಕ ನಾ ಕುಂತೀನಲ್ಲ. ಡಬ್ಬಿ ನಿಂದ ಆಗೂದೈತಿ," ಎಂದರು ಹೊರಗಿನಿಂದ ಬಂದಿದ್ದ ತೀರ್ಪುಗಾರ್ತಿ ಸುಲೋಚನಾ ಅಕ್ಕೋರು.

ಶಿವಲೀಲೆಯು ಖಾಲಿ ಅಂಗಳವನ್ನು ನೋಡಿದಳು, ಖಾಲಿ ಕಿಟಕಿಯನ್ನು ನೋಡಿದಳು. ಡಬ್ಬಿಯ ಮನೆ ಹಾಳಾಗಲಿ! ವೇದಿಕೆಯಿಂದ ಧುಮುಕಿ, ತಾಟುಗಳ ವ್ಯೂಹವನ್ನು ಭೇದಿಸಿ, ಚನ್ನವೀರನ ಕಾಲು ತುಳಿದು, ಅಡುಗೆಮನೆಯ ಹೊಸ್ತಿಲ ಮೇಲೆ ನಿಂತು ಆ ವೀರಾಂಗನೆ ಮೊಳಗಿದಳು:

"ನಮ್ಮವ್ವ ಇನ್ನೂರು ಮಂದಿಗೆ ಬಡಸ್ತಾಳ. ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಮ್ಮಿಲ್ಲ. ಮಗಳು ಅಂತ ನನಗೂ ಹೆಚ್ಚ ಹಾಕಂಗಿಲ್ಲ. ಶಿಸ್ತು ಅಂದ್ರ ನಮ್ಮವ್ವ! ಇಷ್ಟು ಹೇಳಿ ನನ್ನ ಎರಡು ಮಾತುಗಳನ್ನು ಮುಗಿಸುತ್ತೇನೆ!"

ಫಕೀರವ್ವನ ಕೈಯ ಸೌಟು ಗಾಳಿಯಲ್ಲೇ ನಿಂತಿತು. ಕಣ್ಣು ತುಂಬಿ ಬಂತು. ಸೆರಗಿನಿಂದ ಮುಖ ಒರೆಸಿಕೊಂಡು, ಮಗಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಭಾಳ ಛಲೋ ಹೇಳಿದೀ ನನ್ನವ್ವ. ಈಗ ಪಾಳಿ ಮುರೀಬ್ಯಾಡ, ಹಿಂದ ಹೋಗಿ ನಿಂದ್ರು."

ಡಬ್ಬಿ ಚನ್ನವೀರನಿಗಾಯಿತು. ತೃತೀಯತರಗತಿಭೂಷಣೆಯು ತಾಟು ತಂದು, ಮೂಗು ಸುರಿಸುತ್ತಿದ್ದ ಒಂದನೆಯ ತರಗತಿಯ ಪೋರಿಯೊಬ್ಬಳ ಹಿಂದೆ, ಪಾಳಿಯ ಕಟ್ಟಕಡೆಗೆ ಹೋಗಿ ನಿಂತಳು. ಅವಳ ಸರದಿ ಬರುವ ಹೊತ್ತಿಗೆ ಸಾರಿನಲ್ಲಿ ಬೇಳೆ ಖರ್ಚಾಗಿತ್ತು. ಒಂದು ಸೌಟು ತಿಳಿ ಬಿತ್ತು, ಜೊತೆಗೆ ಒಂದು ಕರಿಬೇವಿನೆಲೆ.