ಈಜಿಪ್ತಿನ ಕಂದೀಲರೂ ಶಹಾಪುರದ ನಮ್ಮ ಕಾಕಾನೂ

ನಮ್ಮ ಕಾಕಾನಿಗೆ ಈಜಿಪ್ತಿನಲ್ಲಿ ಅಣ್ಣತಮ್ಮಂದಿರಿದ್ದಾರೆ!

ನಗಬೇಡಿ. ನಗುವುದಾದರೂ ಅವನ ಎದುರಿಗೆ ನಗಬೇಡಿ. ಶಹಾಪುರದ ನಮ್ಮ ಓಣಿಯಲ್ಲಿ ಹಾಗೆ ನಕ್ಕ ಇಬ್ಬರನ್ನು ಕಾಕಾ ಕಟ್ಟೆಯ ಮೇಲೆ ಕೂಡಿಸಿಕೊಂಡು ಮೂರು ತಾಸು ವಂಶವೃಕ್ಷ ತೋರಿಸಿದ. ಒಬ್ಬರಿಗೆ ಕಲಬುರಗಿ ಬಸ್ಸು ತಪ್ಪಿತು. ಇನ್ನೊಬ್ಬರು ಅಂದಿನಿಂದ ನಮ್ಮ ಓಣಿ ಬಿಟ್ಟು ಸುತ್ತುಬಳಸಿ ಹೋಗುತ್ತಾರೆ.

ಮೊದಲು ಹೆಸರಿನ ವಿಷಯ ಹೇಳಿಬಿಡುತ್ತೇನೆ. ನಮ್ಮ ಅಡ್ಡಹೆಸರು ಕಂದೀಲ. ಹೌದು, ಅದೇ. ಕರೆಂಟು ಹೋದಾಗ ಹುಡುಕುವ ಕಂದೀಲು, ದಕ್ಷಿಣದವರು ಲಾಟೀನು ಅನ್ನುತ್ತಾರಲ್ಲ, ಅದು. ನಮ್ಮ ಕಡೆಯ ಅಡ್ಡಹೆಸರುಗಳೇ ಹಾಗೆ. ನನ್ನ ತರಗತಿಯಲ್ಲಿ ಒಬ್ಬ ಮೆಣಸಿನಕಾಯಿ ಇದ್ದ, ಒಬ್ಬ ಉಳ್ಳಾಗಡ್ಡಿ, ಅಂದರೆ ದಕ್ಷಿಣದವರ ಈರುಳ್ಳಿ, ಇದ್ದ, ಬೆಲ್ಲದ ಅಂತ ಒಬ್ಬಳಿದ್ದಳು. ಮಾಸ್ತರರು ಹಾಜರಿ ಕರೆದರೆ ಸಂತೆಯಲ್ಲಿ ಕೂಗಿದಂತಿರುತ್ತಿತ್ತು. ಅಷ್ಟು ಜನರಲ್ಲಿ ಯಾರೂ ತಮ್ಮ ಹೆಸರು ಎಲ್ಲಿಂದ ಬಂತೆಂದು ತಲೆ ಕೆಡಿಸಿಕೊಂಡವರಲ್ಲ. ನಮ್ಮ ಕಾಕಾ ಒಬ್ಬ ಕೆಡಿಸಿಕೊಂಡ. ಜೊತೆಗೆ ನಮ್ಮೆಲ್ಲರದೂ ಕೆಡಿಸಿದ.

ಕಾಕಾ, ಅಂದರೆ ನಮ್ಮಪ್ಪನ ತಮ್ಮ, ನೀರಾವರಿ ಇಲಾಖೆಯಲ್ಲಿದ್ದ. ಮೂವತ್ತು ವರ್ಷ ಕಾಲುವೆಯ ದಂಡೆಯ ಮೇಲೆ ಅಡ್ಡಾಡಿ, ನೀರು ಯಾವ ಗೆರೆಗೆ ಬಂದಿದೆ ಎಂದು ನೋಡಿ ಬರೆಯುವುದೇ ಅವನ ಕೆಲಸ. ನಿವೃತ್ತನಾದ ಮೇಲೆ ಅಳೆಯುವುದಕ್ಕೆ ನೀರಿಲ್ಲದಂತಾಯಿತು. ಮನೆಯ ನೀರಿನ ಟಾಕಿಗೆ ಗೆರೆ ಹಾಕಿದ. ಕೊಡಕ್ಕೆ ಗೆರೆ ಹಾಕಿದ. ಅವನ ಹೆಂಡತಿ, ನಮ್ಮ ಕಾಕು, ಸಾರು ಕುದಿಸುವ ಪಾತ್ರೆಗೂ ಗೆರೆ ಹಾಕಲು ಹೋದಾಗ ಅವಳು ತನ್ನ ಫೋನನ್ನೇ ಅವನ ಕೈಗೆ ತುರುಕಿದಳು. "ಇದರಾಗ ಏನರ ನೋಡ್ಕೋತ ಕೂಡ್ರಿ, ನನ್ನ ಅಡಿಗಿ ಮನಿ ಬಿಡ್ರಿ!"

ಪಾಪ, ಆಕೆಗೇನು ಗೊತ್ತು?

ತಂತಮ್ಮ ಮನೆತನದ ಬೇರು ಹುಡುಕುವ ಹವ್ಯಾಸಿಗಳೆಲ್ಲ ಸೇರುವ ಒಂದು ಆನ್‌ಲೈನ್ ಗುಂಪು ಕಾಕಾನ ಕಣ್ಣಿಗೆ ಬಿತ್ತು. ಅಲ್ಲಿ ಇಂಗ್ಲಿಷಿನಲ್ಲಿ ಕಂದೀಲ ಎಂದು ಬರೆದು ಹುಡುಕಿದ. ಒಂದು ಕ್ಷಣ ಫೋನು ಸುಮ್ಮನಿತ್ತು. ಆಮೇಲೆ ಕಂದೀಲರು ಬಂದರು ನೋಡಿ! ಈಜಿಪ್ತಿನ ಕಂದೀಲರು, ತುರ್ಕಿಯ ಕಂದೀಲರು, ಸೊಲ್ಲಾಪುರದ ಒಬ್ಬ ಕಂದೀಲ. ಕಾಕಾ ಜಗುಲಿಯಿಂದ ಎದ್ದು ನಿಂತು ಕೂಗಿದ: "ಏ ಇಲ್ಲಿ ಬರ್ರಿ ಎಲ್ಲಾರೂ! ನಮ್ಮವ್ರು ಸಿಕ್ಯಾರ!"

ಈ ನಮ್ಮವರಲ್ಲಿ ಮೊದಲು ಕಣ್ಣಿಗೆ ಕಂಡವರು ಸೊಲ್ಲಾಪುರದ ಕಂದೀಲ. ರೈಲಿನಲ್ಲಿ ಬರುತ್ತೇನೆಂದು ತಿಳಿಸಿದರು. ಕಾಕಾ ಇಸ್ತ್ರಿ ಧೋತರ ಉಟ್ಟು, ರಟ್ಟಿನ ಮೇಲೆ ದೊಡ್ಡ ಅಕ್ಷರದಲ್ಲಿ 'ಕಂದೀಲ' ಎಂದು ಬರೆದುಕೊಂಡು ಯಾದಗಿರಿ ಸ್ಟೇಷನ್ನಿನ ಬಾಗಿಲಲ್ಲಿ ನಿಂತ. ಪಕ್ಕದಲ್ಲಿ ನಾನು. ರೈಲು ಬರುವ ಮೊದಲೇ ಬಳಿಚಕ್ರದ ಕಡೆಯ ಹೆಣ್ಣುಮಗಳೊಬ್ಬಳು ತಲೆಯ ಮೇಲಿನ ಗಂಟು ಇಳಿಸಿ, ರಟ್ಟು ನೋಡಿ, ಕಾಕಾನನ್ನು ಮೇಲಿಂದ ಕೆಳಗೆ ನೋಡಿ ಕೇಳಿದಳು: "ಹ್ಯಾಂಗ ಕೊಟ್ರಿ ಒಂದು?"

ನಾನು ಕಂಬದ ಹಿಂದೆ ಹೋಗಿ ನಕ್ಕು ಬಂದೆ.

ಸೊಲ್ಲಾಪುರದವರು ಬಂದರು. ಎರಡು ದಿನ ಇದ್ದರು. ಶೇಂಗಾ ಹೋಳಿಗೆ ಉಂಡರು. ಹೊರಡುವ ಹೊತ್ತಿಗೆ ಗೊತ್ತಾಯಿತು, ಅವರ ಅಡ್ಡಹೆಸರು ಕಂದೀಲ ಅಲ್ಲ, ಕಾಂಡೇಲ! ಇಂಗ್ಲಿಷಿನಲ್ಲಿ ಬರೆದರೆ ಎರಡೂ ಒಂದೇ ನಮೂನೆ ಕಾಣುತ್ತವಂತೆ. ಕಾಕು ಕೆಂಗಣ್ಣು ಬಿಟ್ಟಳು. "ಹೋಳಿಗಿ ಹಾಕೂ ಮುಂಚೆ ಹೆಸರು ಕನ್ನಡದಾಗ ಬರಸ್ಕೋಬಾರ್ದೇನ್ರಿ?"

ಆದರೆ ಈಜಿಪ್ತಿನವರು ಹಾಗಲ್ಲ. ಅಲ್ಲಿಯ ಕಂದೀಲರ ಮುಖ್ಯಸ್ಥರು ಒಬ್ಬ ನಿವೃತ್ತ ಗಣಿತದ ಮಾಸ್ತರರು. ಕಾಕಾ ಕನ್ನಡದಲ್ಲಿ ಬರೆದದ್ದನ್ನು ಫೋನೇ ಅರಬ್ಬಿ ಮಾಡಿ ಅವರಿಗೆ ಕೊಡುತ್ತಿತ್ತು. ಆದರೆ ಆ ಫೋನಿಗೆ ನಮ್ಮ ಕಡೆಯ ಕನ್ನಡ ಎಲ್ಲಿ ತಿಳಿಯಬೇಕು? ಕಾಕಾ ಒಂದು ದಿನ ಅಕ್ಕರೆಯಿಂದ "ಊಟ ಆತೇನ್ರಿ?" ಎಂದು ಕೇಳಿದ. ಅಲ್ಲಿಂದ ಗಾಬರಿಯ ಉತ್ತರ ಬಂತು: "ಯಾವ ಊಟ? ಯಾರಾದರೂ ತೀರಿಕೊಂಡರೇ?"

ಇದು ಸರಿಹೋಗುವುದಿಲ್ಲವೆಂದು ಕಾಕಾ ತನ್ನ ದೋಸ್ತ್ ಟೇಲರ್ ಚಾಚಾನ ಅಂಗಡಿಗೆ ಹೋದ. ಚಾಚಾ ಸಣ್ಣವರಿದ್ದಾಗ ಅರಬ್ಬಿ ಓದಲು ಕಲಿತವರು. ಕನ್ನಡಕ ಏರಿಸಿ, ಮಾಸ್ತರರ ಸಂದೇಶವನ್ನು ಎಷ್ಟು ಇಂಪಾಗಿ ಓದಿದರೆಂದರೆ, ಅರಬ್ಬಿ ಅಂದಮೇಲೆ ದೊಡ್ಡ ಮಾತೇ ಇರಬೇಕೆಂದು ಅಂಗಡಿಯಲ್ಲಿದ್ದವರೆಲ್ಲ ತಲೆಬಾಗಿ ಕುಳಿತರು. ಕಾಕಾನಂತೂ ಕೈ ಜೋಡಿಸಿಬಿಟ್ಟಿದ್ದ. ಓದಿ ಮುಗಿದ ಮೇಲೆ ಕೇಳಿದ: "ಏನಂದಾರ?"

"ಓದಾಕ ಬರ್ತದ ದೋಸ್ತ್, ಅರ್ಥ ಬರಂಗಿಲ್ಲ," ಅಂದರು ಚಾಚಾ.

ಕೊನೆಗೆ ನಾನೇ ಫೋನಿನಲ್ಲಿ ಇಂಗ್ಲಿಷು ಮಾಡಿಸಿ ನೋಡಿದೆ. ಅವರ ಊರಲ್ಲಿ ಉಳ್ಳಾಗಡ್ಡಿ ತುಟ್ಟಿಯಾಗಿದೆಯಂತೆ!

ಅಂದಿನಿಂದ ನಾನು ಕಾಕಾನ ಕಾರ್ಯದರ್ಶಿ. ಅವನು ಹೇಳುವುದನ್ನು ಪುಸ್ತಕದ ಕನ್ನಡಕ್ಕೆ ತಿದ್ದಿ ಬರೆಯುವುದು ನನ್ನ ಕೆಲಸ. ಅಲ್ಲಿಯೂ ಹತ್ತಿ ಬೆಳೆಯುತ್ತಾರೆ, ಭತ್ತ ಬೆಳೆಯುತ್ತಾರೆ, ಕಾಲುವೆಗಳಿವೆ. ಮಾಸ್ತರರು ಒಮ್ಮೆ, ಕಾಲುವೆಯ ಕೊನೆಯಲ್ಲಿರುವ ಹೊಲಗಳಿಗೆ ನೀರೇ ಮುಟ್ಟುವುದಿಲ್ಲವೆಂದು ಬೇಸರದಿಂದ ಬರೆದರು. ಕಾಕಾ ಕುಳಿತಲ್ಲೇ ತೊಡೆ ತಟ್ಟಿದ.

"ಕೇಳಿದೇನು? ಅಲ್ಲೂ ಕೊನೀ ಹೊಲಕ್ಕ ನೀರು ಬರಂಗಿಲ್ಲಂತ! ಇದು ರಕ್ತ ಸಂಬಂಧ ಅಲ್ದ ಮತ್ತೇನು?"

ಇದೆಲ್ಲ ಮನೆಯೊಳಗೇ ಇದ್ದಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಒಮ್ಮೆ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದರು. ಅವಲಕ್ಕಿ ಆಯಿತು, ಚಹಾ ಆಯಿತು. ಗಂಡಿನ ತಂದೆ ಮಾತಿಗೆ ಎಂಬಂತೆ ಕೇಳಿದರು: "ನಿಮ್ಮ ಮಂದಿ ಎಲ್ಲೆಲ್ಲಿ ಅದಾರ್ರಿ?" ನಮ್ಮಪ್ಪ ಬಾಯಿ ತೆರೆಯುವ ಮೊದಲೇ ಕಾಕಾ ಶುರು ಮಾಡಿದ. "ಶಹಾಪುರದಾಗ ನಾವ್ರಿ. ಉಳದವ್ರೆಲ್ಲ ಈಜಿಪ್ತಿನಾಗ ಅದಾರ."

ಆ ಹಿರಿಯರು ಚಹಾದ ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟರು. ದನಿ ತಗ್ಗಿಸಿ ಕೇಳಿದರು: "ಅವ್ರೂ ಲಿಂಗವಂತ್ರೇನ್ರಿ?"

"ಇನ್ನೂ ಕೇಳಿಲ್ರಿ," ಅಂದ ಕಾಕಾ. "ಇವತ್ತ ಕೇಳ್ತೀನಿ!"

ಸಂಬಂಧ ಅಲ್ಲಿಗೇ ಮುಗಿಯಿತು. ಆ ಹುಡುಗನ ಮೀಸೆ ನನಗೆ ಹಿಡಿಸಿರಲಿಲ್ಲ, ಹಾಗಾಗಿ ಈಜಿಪ್ತಿನವರಿಗೆ ನಾನು ಇಂದಿಗೂ ಕೃತಜ್ಞಳು.

ಹೀಗೆ ಎರಡು ವರ್ಷ ನಡೆಯಿತು. ಗೋಡೆಗೆ ಅಂಟಿಸಿದ ಕಾಗದದಲ್ಲಿ ಕಾಕಾನ ವಂಶವೃಕ್ಷ ದೇವರ ಗೂಡಿನವರೆಗೆ ಬೆಳೆಯಿತು. ಫೋನಿನಲ್ಲೂ ಅದೇ ವೃಕ್ಷ. ಒಂದು ದಿನ ಮಾಸ್ತರರೇ ಹೇಳಿದರು: ಎರಡು ಮರಗಳನ್ನೂ ಜೋಡಿಸೋಣ, ಆದರೆ ಗುಂಪಿನ ನಿಯಮದಂತೆ ನಿಮ್ಮ ಕಡೆಯ ಹಳೆಯ ದಾಖಲೆ ಒಂದಾದರೂ ಬೇಕು.

ನಮ್ಮ ಮನೆತನದಲ್ಲಿ ಮೊದಲು ಶಾಲೆಗೆ ಹೋದವನು ನಮ್ಮ ಮುತ್ಯಾ, ಅಂದರೆ ಕಾಕಾನ ಅಪ್ಪ. ಓದಿದ್ದು ಸುರಪುರದಲ್ಲಿ, ನಿಜಾಮರ ಕಾಲದಲ್ಲಿ. ಶಾಲೆಯ ಹಳೆಯ ದಾಖಲಾತಿ ಪುಸ್ತಕ ಉರ್ದುವಿನಲ್ಲಿರುತ್ತದೆಂದು ಕಾಕಾ ಟೇಲರ್ ಚಾಚಾನನ್ನೂ ಕರೆದುಕೊಂಡ. ಕಾರ್ಯದರ್ಶಿಯಾದ ನಾನು ಹೇಗೂ ಇದ್ದೆ.

ಹೆಡ್ಮಾಸ್ತರರು ಒಳ್ಳೆಯವರು. ಗೋದ್ರೇಜ್ ಕಪಾಟಿನಿಂದ ಪುಸ್ತಕ ತೆಗೆಸಿ, ಧೂಳು ಒರೆಸಿ ಮುಂದಿಟ್ಟರು. ಚಾಚಾ ಬೆರಳು ಇಟ್ಟು ಸಾಲು ಸಾಲಾಗಿ ಓದುತ್ತ ಹೋದವರು ಒಂದು ಕಡೆ ನಿಂತರು. ಮುತ್ಯಾನ ಹೆಸರು. ಅವನ ಅಪ್ಪನ ಹೆಸರು. ಊರು ದೇವಾಪುರ. ಅಡ್ಡಹೆಸರು, ಕಂದೀಲ.

"ಇದು ಅರ್ಥ ಸಹಿತ ಬರ್ತದ ನೋಡು," ಅಂದರು ಚಾಚಾ.

ಕಾಕಾನ ಕಣ್ಣಲ್ಲಿ ನೀರು. ಒಂದೇ ಹಾಳೆಯ ಹನ್ನೊಂದು ಫೋಟೋ ತೆಗೆದ. ಆಮೇಲೆ ತಟ್ಟನೆ ನೆನಪಾಯಿತು. ದೇವಾಪುರ! ಮುತ್ಯಾನ ತಂಗಿಯನ್ನು ಅದೇ ಊರಿಗೆ ಕೊಟ್ಟದ್ದು, ಆಕೆ ಅಲ್ಲೇ ಇದ್ದಾಳಲ್ಲ! ಕಾಕಾನಿಗೆ ಆಕೆ ಸೋದರತ್ತಿ. ವಯಸ್ಸು ತೊಂಬತ್ತು ದಾಟಿದೆ. ಇಲ್ಲಿಯವರೆಗೆ ಬಂದಿದ್ದೇವೆ, ಆಕೆಯ ಬಾಯಿಂದ ಎರಡು ಮಾತು ಕೇಳಿದರೆ ಈಜಿಪ್ತಿನ ಮಾಸ್ತರರಿಗೆ ಇನ್ನೂ ಗಟ್ಟಿ ಸಾಕ್ಷಿಯಾಗುತ್ತದೆಂದು ಹೊರಟೆವು.

ಅತ್ತಿ ಬಾಗಿಲ ಬಳಿ ಕುಳಿತು ತೊಗರಿ ಹಸನು ಮಾಡುತ್ತಿದ್ದಳು. ಕಾಕಾ ಪಕ್ಕದಲ್ಲಿ ಕುಳಿತು, ಕಿವಿಯ ಹತ್ತಿರ ಬಾಗಿ ಗಟ್ಟಿಯಾಗಿ ಕೇಳಿದ: "ಅತ್ತಿ, ನಮ್ಮ ಕಂದೀಲ ಹೆಸರು ಯಾವ ದೇಶದಿಂದ ಬಂದದ?"

ಅತ್ತಿ ಮೊರ ಕೆಳಗಿಟ್ಟು ನಗತೊಡಗಿದಳು. ಬಾಯಲ್ಲಿ ಹಲ್ಲಿಲ್ಲ, ನಗು ಮಾತ್ರ ತುಂಬಾ ಇತ್ತು.

"ಯಾವ ದೇಶಪ್ಪಾ? ಸುರಪುರದ ಸಾಲಿ ಮಾಸ್ತರನ ಲೇಖಣಿಕಿಯಿಂದ ಬಂದದ! ನಮ್ಮಪ್ಪ ನಿಮ್ಮಪ್ಪನ್ನ ಸಾಲಿಗೆ ಹಾಕಾಕ ನಡಕೋತ ಹೋದ. ಮನ್ಯಾಗಿನ ಕಂದೀಲಿನ ಗಾಜು ಒಡದಿತ್ತು, ಹೊಸಾದು ಹಾಕಿಸ್ಕೊಂಡು ಬರೋಣಂತ ಅದನ್ನೂ ಹಿಡಕೊಂಡಿದ್ದ. ಮಾಸ್ತರ ಉರ್ದೂದಾಗ ಮನೆತನದ ಹೆಸರು ಕೇಳ್ಯಾನ. ಅಪ್ಪಗ ಉರ್ದು ಎಲ್ಲಿ ತಿಳೀಬೇಕು? ಕೈಯಾಗೇನದ ಅಂತ ಕೇಳಾಕತ್ಯಾನಂತ ತಿಳಕೊಂಡು, ಕಂದೀಲ್ರಿ ಅಂದ. ಮಾಸ್ತರ ಬರಕೊಂಡ. ಮುಗೀತು! ಮನಿಗೆ ಬಂದು ಹೇಳಿ ಹೇಳಿ ನಕ್ಕಾನ ನಮ್ಮಪ್ಪ."

"ಅದಕ್ಕ ಮುಂಚೆ ನಮ್ಮ ಹೆಸರೇನಿತ್ತು?" ಕಾಕಾನ ದನಿ ಸಣ್ಣದಾಗಿತ್ತು.

"ಏನೂ ಇರ್ಲಿಲ್ಲ. ಈ ಊರಾಗ ಎಲ್ಲಾರಿಗೂ ಎಲ್ಲಾರೂ ಗೊತ್ತು. ಹೆಸರ್ಯಾಕ ಬೇಕು?" ಅಂದಳು ಅತ್ತಿ. ನಾವು ಇಷ್ಟು ದಿನ ಎಲ್ಲೆಲ್ಲಿ ಹುಡುಕಿದೆವೆಂದು ನಾನು ವಿವರಿಸಿದ ಮೇಲೆ ಕಾಕಾನ ತಲೆಗೆ ಮೆಲ್ಲಗೆ ಮೊಟಕಿದಳು. "ಬಸ್ಸಿನಾಗ ಕುಂತ್ರ ತಾಸು ಮಾತ್ರ ಹಾದಿ, ನಾ ಇಲ್ಲೇ ಇದ್ದೆ. ನೀ ಸಮುದ್ರ ದಾಟಿ ಕೇಳಾಕ ಹೋಗಿದ್ದೇನು?"

ತಿರುಗಿ ಬರುವಾಗ ಬಸ್ಸಿನಲ್ಲಿ ಕಾಕಾ ಹನ್ನೊಂದು ಫೋಟೋಗಳನ್ನೂ ಒಂದೊಂದಾಗಿ ನೋಡಿ ಫೋನು ಕಿಸೆಗೆ ಹಾಕಿದ. ಚಾಚಾ ಸಮಾಧಾನ ಮಾಡಲು ನೋಡಿದರು. "ಛಲೋ ಆತು ತಗೋ ದೋಸ್ತ್. ಅವತ್ತ ಕೈಯಾಗ ಕಸಬರಗಿ ಇದ್ದಿದ್ರ ಏನ್ ಮಾಡ್ತಿದ್ದಿ?" ಮುಂದಿನ ಸೀಟಿನವರೂ ತಿರುಗಿ ನಕ್ಕರು. ಕಾಕಾ ನಗಲಿಲ್ಲ.

ಎಂಟು ದಿನ ಅವನು ಫೋನು ಮುಟ್ಟಲಿಲ್ಲ. ಗೋಡೆಯ ಕಾಗದದ ಮುಂದೆ ಬಂದು ನಿಲ್ಲುತ್ತಿದ್ದ, ಹೋಗುತ್ತಿದ್ದ. ಕಾಕು ತಾನಾಗಿಯೇ ಸಾರಿನ ಪಾತ್ರೆ ತಂದು ಮುಂದಿಟ್ಟಳು. "ಬೇಕಾದ್ರ ಇದಕ್ಕ ಗೆರಿ ಹಾಕ್ರಿ, ನಾ ಏನೂ ಅನ್ನಂಗಿಲ್ಲ." ಕಾಕಾ ಅದನ್ನೂ ಒಲ್ಲೆ ಅಂದ. ಒಂಬತ್ತನೆಯ ದಿನ ನನ್ನನ್ನು ಕರೆದ. "ಬರಿ ಯವ್ವಾ. ಮಾಸ್ತರಗ ಸುಳ್ಳು ಹೇಳಾಕ ಆಗಂಗಿಲ್ಲ."

ಬರೆದೆ. ಒಡೆದ ಗಾಜು, ಉರ್ದು ಪ್ರಶ್ನೆ, ಅತ್ತಿ ಹೇಳಿದ್ದು, ಎಲ್ಲವನ್ನೂ ಇದ್ದದ್ದು ಇದ್ದಂತೆ. ಕೊನೆಯಲ್ಲಿ ಕಾಕಾ ಹೇಳಿಸಿದ: ನಾವು ನಿಮ್ಮವರಲ್ಲ, ಎರಡು ವರ್ಷ ನಿಮ್ಮ ವೇಳೆ ಹಾಳು ಮಾಡಿದ್ದಕ್ಕೆ ಕ್ಷಮೆಯಿರಲಿ.

ಉತ್ತರ ಬರಲಾರದೆಂದುಕೊಂಡಿದ್ದೆವು. ಮಧ್ಯಾಹ್ನದ ಹೊತ್ತಿಗೆ ಬಂತು. ಮಾಸ್ತರರು ಬಹಳ ನಕ್ಕರಂತೆ. ತಮ್ಮ ತಂಗಿಗೆ ಫೋನು ಮಾಡಿ ಹೇಳಿದರೆ ಅವಳೂ ನಕ್ಕಳಂತೆ. ಮರಗಳನ್ನು ಜೋಡಿಸಲು ಆಗದಿದ್ದರೇನು, ನಾಳೆ ಕಾಲುವೆಯ ಸುದ್ದಿ ಬರೆಯಿರಿ ಅಂದಿದ್ದರು. ಕೊನೆಗೆ ಒಂದು ಪ್ರಶ್ನೆ: ಈ ಕಥೆಯನ್ನು ಇಷ್ಟು ವರ್ಷ ಕಾಪಾಡಿದ ನಿಮ್ಮ ಅತ್ತೆಯ ಹೆಸರೇನು? ನಿಮ್ಮ ಮರದಲ್ಲಿ ಹುಡುಕಿದೆ, ಅವರು ಸಿಗಲಿಲ್ಲ.

ಕಾಕಾ ಗೋಡೆಯ ಕಡೆ ನೋಡಿದ. ನಾನೂ ನೋಡಿದೆ. ತುರ್ಕಿಯವರೆಲ್ಲ ಇದ್ದರು. ಹೆಸರು ಅಳಿಸಿದರೂ ಸೊಲ್ಲಾಪುರದವರ ಗುರುತು ಇನ್ನೂ ಇತ್ತು. ಅತ್ತಿ ಇರಲಿಲ್ಲ. ಕಾಕಾ ಮೆಲ್ಲಗೆ ಕೇಳಿದ: "ಅತ್ತಿ ಹೆಸರೇನ?" ನನಗೆ ಗೊತ್ತಿರಲಿಲ್ಲ. ಕಾಕುವಿಗೆ ಗೊತ್ತಿರಲಿಲ್ಲ. ಅಪ್ಪನಿಗೂ ಗೊತ್ತಿರಲಿಲ್ಲ. ಎಲ್ಲರಿಗೂ ಆಕೆ ಅತ್ತಿ.

ಮರುದಿನ ಬೆಳಿಗ್ಗೆ ಕಾಕಾ, ನಾನು ಮತ್ತೆ ದೇವಾಪುರಕ್ಕೆ ಹೋದೆವು. ನಿನ್ನ ಹೆಸರೇನೆಂದು ಕಾಕಾ ಅತ್ತಿಯನ್ನೇ ಕೇಳಿದ.

"ರೇಷನ್ ಕಾರ್ಡಿನಾಗ ಶಿವಗಂಗವ್ವ ಅಂತದ ನೋಡು," ಅಂದಳು. ಆಮೇಲೆ, "ತವರ ಮನಿ ಹೆಸರು ಬೇಕೇನು?"

"ಹೂಂ. ಅದೇ ಬೇಕು."

"ನಿಂಬೆವ್ವ. ನಮ್ಮತ್ತಿ ಹೆಸರೂ ನಿಂಬೆವ್ವನೇ ಇತ್ತು. ಅತ್ತಿ ಹೆಸರು ಹಿಡದು ಸೊಸೀನ ಯಾರು ಕರೀತಾರ? ಮದಿವ್ಯಾಗ ಅಕ್ಕಿಕಾಳು ಬೀಳೂ ದಿನಾನೇ ನನ್ನ ಹೆಸರು ತಗದು ಬ್ಯಾರೇದಿಟ್ರು. ನಿಮ್ಮಪ್ಪ ಒಬ್ಬನೇ ಆ ಹೆಸರು ಹಿಡದು ಕರೀತಿದ್ದ. ಅಣ್ಣ ಹೋದ ಮ್ಯಾಲ ಯಾರು ಕರೀಬೇಕು?"

ಕಾಕಾ ನನಗೆ ಫೋನು ಕೊಡಲಿಲ್ಲ. ತಾನೇ ಒಂದೊಂದೇ ಅಕ್ಷರ ಒತ್ತಿ ಮುತ್ಯಾನ ಹೆಸರಿನ ಪಕ್ಕದಲ್ಲಿ ಬರೆದ. ಬಹಳ ಹೊತ್ತು ಹಿಡಿಯಿತು. ಅತ್ತಿ ಕಾಯುತ್ತಿದ್ದಳು.

"ಏನ್ ಬರದಿ? ಓದು."

ಅತ್ತಿಯ ಕಿವಿ ಮಂದ. ಕಾಕಾ ಓಣಿಗೆಲ್ಲ ಕೇಳುವಂತೆ ಓದಿದ: "ನಿಂಬೆವ್ವಾ...!"

ಅತ್ತಿ ಫೋನು ನೋಡಲಿಲ್ಲ. ಬಾಗಿಲಾಚೆಗೆ ಮುಖ ತಿರುಗಿಸಿ, ಯಾರೋ ದೂರದಿಂದ ಕರೆದರೆಂಬಂತೆ, ಮೊಣಕಾಲ ಮೇಲೆ ಕೈಯೂರಿ ಏಳಲು ಹೋದಳು.

"ಓ... ಬಂದೆ!"