ಬಂದೂಕು ಹಿಡಿದ ಪುಕ್ಕಲಿ

ಇನ್ನೊಬ್ಬರಿಗೆ ಧೈರ್ಯ ಹೇಳುವಷ್ಟು ಸುಲಭದ ಕೆಲಸ ಮತ್ತೊಂದಿಲ್ಲ, ನಮ್ಮ ಸರದಿ ಬರುವವರೆಗೆ. ನಾನು ಹುಟ್ಟಾ ಪುಕ್ಕಲಿ. ಕುಕ್ಕರ್ ಕೂಗಿದರೆ ಬೆಚ್ಚುತ್ತೇನೆ. ದೀಪಾವಳಿಯಲ್ಲಿ ಬಚ್ಚಲುಮನೆಯೇ ನನ್ನ ಕೋಟೆ. ಇಂಥವಳನ್ನು ಮಾನ್ವಿಯಲ್ಲಿ ನಾನು ಪಾಠ ಹೇಳುವ ಕಾಲೇಜಿನವರು ಹುಡುಗಿಯರ ಕೆಡೆಟ್ ದಳಕ್ಕೆ ಅಧಿಕಾರಿಣಿಯನ್ನಾಗಿ ಮಾಡಿದರು. ಕಾರಣ ಇಷ್ಟೇ: ಹೆಸರು ಬರೆದುಕೊಂಡ ದಿನ ನಾನು ರಜೆಯಲ್ಲಿದ್ದೆ. ಸುದ್ದಿ ಕೇಳಿ ನನ್ನ ಗಂಡ, "ಹಲ್ಲಿ ಕಂಡ್ರ ಮಂಚ ಏರ್ತಿ, ನೀ ಬಂದೂಕ ಹಿಡಿತೀಯೇನ?" ಎಂದು ನಕ್ಕರು. ಜಗತ್ತಿನ ಎಷ್ಟೋ ದೇಶಗಳಲ್ಲಿ ಇಂಥ ದಳಗಳಿವೆ, ಎಲ್ಲ ಕಡೆ ಮಕ್ಕಳಿಗೆ ಧೈರ್ಯ ಕಲಿಸುತ್ತಾರಂತೆ. ಕಲಿಸುವವರು ಅದನ್ನು ಎಲ್ಲಿಂದ ತರಬೇಕೆಂದು ಮಾತ್ರ ಯಾರೂ ಹೇಳುವುದಿಲ್ಲ.

ರಾಯಚೂರಿನ ಹೊರಗೆ, ಕಲ್ಲುಗುಡ್ಡದ ಕೆಳಗೆ ಶಿಬಿರ. ಗುಂಡು ಹೊಡೆಯುವ ದಿನ, ತರಬೇತಿ ಕೊಡುವ ಹವಾಲ್ದಾರರು ತಮ್ಮ ಪದ್ಧತಿ ಹೇಳಿದರು: "ಮದಲನೇ ಸಾಲಿನಾಗ ಮೇಡಂ ಇರಬೇಕ್ರಿ. ಮೇಡಂ ಹೊಡದ್ರ ಹುಡುಗ್ಯಾರ ಅಂಜಿಕಿ ಹೋಗ್ತದ." ಅಂಜಿದವರ ಮೇಲೆ ಕಪ್ಪೆ ಹಾಕಿದಂತಾಯಿತು. ಅಷ್ಟರಲ್ಲಿ ನಮ್ಮ ದಳದ ಹುಡುಗಿ, ದೇವದುರ್ಗದ ನಾಗಮ್ಮ ನನ್ನ ತೋಳು ಹಿಡಿದು ಅಳತೊಡಗಿದಳು. "ಮೇಡಂ, ನನಗ ಆಗಂಗಿಲ್ರೀ. ಮನಿಗೆ ಹೋಗ್ತೀನ್ರಿ." ಅವಳು ಹೊರಟರೆ ಉಳಿದವರೂ ಗಂಟು ಕಟ್ಟುವವರೇ. "ಇದ್ರಾಗ ಅಂಜೂದೇನೈತಿ? ನನ್ನ ಬಾಜೂಕ ಮಲಕ್ಕೋ, ನನ್ನ ನೋಡಿ ಹೊಡಿ," ಎಂದೆ. ಧ್ವನಿ ನನ್ನದೇ, ಹೇಳಿದವಳು ಯಾರೋ ಗೊತ್ತಿಲ್ಲ.

ನೆಲಕ್ಕೆ ಬೋರಲಾಗಿ ಮಲಗಿದೆವು. ಬಂದೂಕಿನ ಹಿಡಿ ಕೆನ್ನೆಗೆ ತಾಗಿತು. ಎದೆ ಎಷ್ಟು ಬಡಿಯುತ್ತಿತ್ತೆಂದರೆ ಅದರ ಸದ್ದಿಗೇ ನಾಗಮ್ಮ ಓಡಿಹೋದಾಳು ಅನಿಸಿತು. ಆಜ್ಞೆ ಬಿತ್ತು. ಎರಡೂ ಕಣ್ಣು ಮುಚ್ಚಿ, ಮನೆದೇವರನ್ನು ನೆನೆದು ಹೊಡೆದೆ. ಪ್ರತಿ ಸಲ ಗುಂಡು ತುಂಬುವಾಗ ಕಣ್ಣು ತೆರೆದೆ, ಹೊಡೆಯುವಾಗ ಮತ್ತೆ ಮುಚ್ಚಿದೆ.

ಮುಗಿದ ಮೇಲೆ ಗುರಿಯ ಹಾಳೆ ನೋಡಲು ಹೋದೆವು. ನನ್ನ ಹಾಳೆ ಅಂಗಡಿಯಿಂದ ಈಗಷ್ಟೇ ತಂದಂತಿತ್ತು. ಪಕ್ಕದ ನಾಗಮ್ಮನ ಹಾಳೆಯಲ್ಲಿ ನಟ್ಟನಡುವೆ ತೂತುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. "ಶಾಬಾಸ್ ನಾಗಮ್ಮ!" ಎಂದರು ಹವಾಲ್ದಾರರು. ನಾಗಮ್ಮ ಮುಚ್ಚಿದ್ದ ಮುಷ್ಟಿ ಬಿಚ್ಚಿದಳು. ಅವಳಿಗೆ ಕೊಟ್ಟ ಗುಂಡುಗಳೆಲ್ಲ ಅಂಗೈಯಲ್ಲೇ ಇದ್ದವು.

"ನಾ ಒಂದೂ ಹೊಡದಿಲ್ರೀ ಸರ್. ಮೇಡಂ 'ನನ್ನ ನೋಡಿ ಹೊಡಿ' ಅಂದಿದ್ರು, ನೋಡ್ಕೋತನೇ ಉಳದೆ. ಅವ್ರು ಕಣ್ಣು ಮುಚ್ಚಿ ಗಡಗಡ ನಡುಗಾಕತ್ತಿದ್ರು. ಇಷ್ಟು ಅಂಜೋರೂ ಹೊಡೀತಾರಂದ್ರ, ನಾನೂ ಹೊಡೀತೀನ್ರಿ."

ಹವಾಲ್ದಾರರು ನಕ್ಕರು. "ಕಣ್ಣು ಮುಚ್ಚಿ ಬಾಜೂಕಿನ ಹಾಳಿಗೆ ಹಿಂಗ ಹೊಡದ್ರ, ತೆರದ್ರ ಏನು ಗತಿರೀ ಮೇಡಂ! ಇನ್ನ ಎಲ್ಲಾ ಸಾಲಿನಾಗೂ ನೀವ ಇರ್ರಿ."

ಇನ್ನೂ ಎಷ್ಟು ಸಾಲು ಬಾಕಿ ಇವೆಯೆಂದು ಹಿಂದಿರುಗಿ ನೋಡುವ ಧೈರ್ಯವೂ ನನಗಿರಲಿಲ್ಲ. ನಾಗಮ್ಮ ನನ್ನ ಬೆವೆತ ಕೈ ಹಿಡಿದು ಮೆಲ್ಲಗೆ, "ಅಂಜಬ್ಯಾಡ್ರಿ ಮೇಡಂ, ನಾ ಬಾಜೂಕ ಇರ್ತೀನಿ," ಎಂದಳು. ಅಧಿಕಾರಿಣಿಯಾದ ನಾನು ಹೂಂ ಎಂದು ಅವಳ ಹಿಂದೆ ನಡೆದೆ.